ಬ್ಯಾಣದಲ್ಲಿ ಬ್ಲೂಬೆರಿ ಹಾಕಬಹುದೇ? ಮುರುಗಲು ಮರ ತೆಗೆಯಬೇಕೇ?

ಪ್ರಶ್ನೆ – ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ಹೋದರೆ ನಮ್ಮ ಊರು. ಎರಡು ಎಕರೆ ಅಡಿಕೆ ತೋಟವಿದೆ. ಎಲೆಚುಕ್ಕೆ ರೋಗ ಕಾಲಿಟ್ಟು ಮೂರು ವರ್ಷವಾಯಿತು. ಕಳೆದ ವರ್ಷ ಫಸಲು ಅರ್ಧಕ್ಕೆ ಇಳಿಯಿತು. ಅಡಿಕೆಯೊಂದನ್ನೇ ನಂಬಿ ಕುಳಿತರೆ ಮನೆ ನಡೆಯುವುದಿಲ್ಲ ಎಂಬ ವಿಷಯದಲ್ಲಿ ನನಗೂ ಅತ್ತೆಗೂ ಒಂದೇ ಅಭಿಪ್ರಾಯ. ಮುಂದೇನು ಎಂಬಲ್ಲಿ ಮಾತ್ರ ಇಬ್ಬರಿಗೂ ಹೊಂದಿಕೆಯಾಗುತ್ತಿಲ್ಲ.

ತೋಟದ ಮೇಲುಗಡೆ ಒಂದೂಕಾಲು ಎಕರೆ ಬ್ಯಾಣ, ಅಂದರೆ ಹುಲ್ಲು ಬೆಳೆಯುವ ಖುಷ್ಕಿ ಜಾಗವಿದೆ. ಪಡುವಣಕ್ಕೆ ಇಳಿಜಾರು, ಜಂಬಿಟ್ಟಿಗೆ ಮಣ್ಣು, ಕೆಲವು ಕಡೆ ಎರಡು ಅಡಿ ಅಗೆದರೆ ಕಲ್ಲು. ಮಣ್ಣು ಪರೀಕ್ಷೆಯಲ್ಲಿ ರಸಸಾರ (pH) 5.2 ಬಂದಿದೆ. ಕೆರೆಯಿಂದ ಮಾರ್ಚ್ ಕೊನೆಯವರೆಗೆ ಸ್ವಲ್ಪ ನೀರು ಎತ್ತಬಹುದು, ಆಮೇಲೆ ತೋಟಕ್ಕೇ ಸಾಲದು. ಈಗ ಅಲ್ಲಿರುವುದು ಕರಡದ ಹುಲ್ಲು, ನಾಲ್ಕು ನೇರಳೆ ಮರ, ಅಂಚಿನುದ್ದಕ್ಕೂ ಕವಳಿ (ಕರಂಡೆ) ಮಟ್ಟಿ, ಎರಡು ದೊಡ್ಡ ಮುರುಗಲು (ಪುನರ್ಪುಳಿ, ಕೋಕಂ) ಮರ.

ಕಳೆದ ವಾರ ಗಿಡ ಮಾರುವವರೊಬ್ಬರು ಬಂದಿದ್ದರು. ‘ನಿಮ್ಮದು ಹುಳಿಮಣ್ಣು, ಬ್ಲೂಬೆರಿಗೆ ಇದೇ ಬೇಕು. ಮಟ್ಟಿ, ಮರ ಎಲ್ಲ ಜೆಸಿಬಿಯಲ್ಲಿ ತೆಗೆಸಿ ಮಟ್ಟ ಮಾಡಿಸಿ, ಗಿಡ ನಾವು ಕೊಡುತ್ತೇವೆ. ಅದು ಬೇಡವಾದರೆ ಸ್ಟ್ರಾಬೆರಿ’ ಎಂದರು. ಮುಂಗಡ ಈ ತಿಂಗಳೊಳಗೆ ಕೊಡಬೇಕಂತೆ. ಮುರುಗಲು ಮರಕ್ಕೆ ಕೊಡಲಿ ಬೀಳುವ ದಿನ ತಾನು ಈ ಮನೆಯಲ್ಲಿ ಊಟ ಮಾಡುವುದಿಲ್ಲ ಎಂದು ಅತ್ತೆ ಹೇಳಿದ್ದಾರೆ. ಒಂದು ಮರವೇನೋ ಪ್ರತಿ ವರ್ಷ ಬಿಡುತ್ತದೆ, ಬೇಸಿಗೆಯ ಶರಬತ್ತು, ಸಾರು ಎಲ್ಲ ಅದರದ್ದೇ. ಇನ್ನೊಂದು ಒಮ್ಮೆಯೂ ಕಾಯಿ ಕಚ್ಚಿಲ್ಲ. ಅದನ್ನಾದರೂ ತೆಗೆಯಬಹುದೇ? ಬೆಳೆದು ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ 1 – ಶರಾವತಿ ಹಿನ್ನೀರು, ಹೊಸನಗರ

ಸ್ಟ್ರಾಬೆರಿಯ ಬಗ್ಗೆ ನಾನು ಹೇಳಬಲ್ಲೆ. ಹತ್ತು ಗುಂಟೆಯಲ್ಲಿ ಎರಡು ವರ್ಷ ಬೆಳೆದಿದ್ದೇನೆ. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್‌ನಲ್ಲಿ ನೆಟ್ಟೆ. ಡಿಸೆಂಬರ್, ಜನವರಿಯಲ್ಲಿ ಹಣ್ಣು ಚೆನ್ನಾಗಿಯೇ ಬಂತು. ಫೆಬ್ರವರಿ ನಡುವಿನಲ್ಲಿ ಬಿಸಿಲು ಏರಿತು, ಹಣ್ಣು ಗೋಲಿಯಷ್ಟಾಯಿತು. ಮಹಾಬಲೇಶ್ವರದವರು ಬೆಳೆಯುತ್ತಾರಲ್ಲ ಎಂದು ನನಗೂ ಹೇಳಿದ್ದರು. ಮಳೆ ಅಲ್ಲಿಯೂ ನಮ್ಮಂತೆಯೇ ಸುರಿಯುತ್ತದೆ, ನಿಜ. ಆದರೆ ಆ ಊರು ಇರುವುದು 1300 ಮೀಟರ್‌ಗೂ ಮೇಲೆ. ನಾವು 600ರ ಆಸುಪಾಸಿನಲ್ಲಿದ್ದೇವೆ. ಅಲ್ಲಿನ ತಂಪನ್ನು ಗಿಡದ ಜೊತೆ ಗಾಡಿಯಲ್ಲಿ ತರಲು ಬರುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಪ್ಲಾಸ್ಟಿಕ್ ಹೊದಿಕೆ. ಬೆಳೆ ಮುಗಿದ ಮೇಲೆ ಎಳೆದರೆ ಚೂರು ಚೂರಾಗಿ ಹರಿಯಿತು. ಇಂದಿಗೂ ಗುದ್ದಲಿ ಹಾಕಿದಲ್ಲೆಲ್ಲ ಕಪ್ಪು ಚೂರು ಸಿಗುತ್ತದೆ. ಮಳೆಗಾಲದಲ್ಲಿ ಗಿಡಗಳೆಲ್ಲ ಕೊಳೆತವು, ಎರಡನೆಯ ವರ್ಷ ಮತ್ತೆ ಸಸಿ ಕೊಂಡೆ. ಮನೆಯ ಹಿಂದೆ ಒಂದೆರಡು ಮಡಿ ಮಾಡಿ, ಕರಡ ಹೊದಿಸಿ, ಮಕ್ಕಳಿಗೆ ಬೆಳೆದುಕೊಳ್ಳಿ. ಬ್ಯಾಣ ಬೋಳಿಸಿ ಬೆಳೆಯುವ ಬೆಳೆ ಅದಲ್ಲ.

ಉತ್ತರ 2 – ಕಸಿಚಾಕು, ಸಾಗರ

ತಂಗಿ, ಮೊದಲು ಒಂದು ಮಾತು. ಕಾಯಿ ಬಿಡದ ಆ ಮುರುಗಲು ಮರವನ್ನು ಮುಟ್ಟಬೇಡಿ. ಅದು ಗಂಡು ಮರ. ಮುರುಗಲಿನಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಸುತ್ತಮುತ್ತ ಬೇರೆ ಗಂಡು ಮರ ಇಲ್ಲದಿದ್ದರೆ, ಅದನ್ನು ಕಡಿದ ಮರುವರ್ಷವೇ ನಿಮ್ಮ ಶರಬತ್ತಿನ ಮರವೂ ಬರಿದಾಗಬಹುದು. ಅನುಮಾನವಿದ್ದರೆ ಈಗ ಹೂವಿನ ಕಾಲ, ಹೋಗಿ ನೋಡಿ. ಗಂಡು ಮರದಲ್ಲಿ ಎಲೆಯ ಬುಡಕ್ಕೆ ಹೂ ಗುಂಪಾಗಿ ಇರುತ್ತದೆ, ನಡುವೆ ಕೇಸರಗಳ ಪುಟ್ಟ ಉಂಡೆ. ಹೆಣ್ಣು ಹೂವಿನ ನಡುವೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಾಯಿ ಆಗಲೇ ಕಾಣುತ್ತದೆ. ಹೀಗೆ ‘ಗೊಡ್ಡು’ ಎಂದು ಕಡಿದುಹಾಕಿದ ಎಷ್ಟೋ ಮರಗಳ ಬೊಡ್ಡೆಯನ್ನು ನಾನು ನೋಡಿದ್ದೇನೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಬ್ಲೂಬೆರಿಗೆ ಹುಳಿಮಣ್ಣು ಬೇಕು ಎಂದದ್ದು ಸುಳ್ಳಲ್ಲ. 4.5ರಿಂದ 5.5ರ ರಸಸಾರ ಅದಕ್ಕೆ ಹಿತ. ಅವರು ಹೇಳದೆ ಬಿಟ್ಟದ್ದು ಉಳಿದ ಸಂಗತಿ. ಅದು ಚಳಿನಾಡಿನ ಗಿಡ. ಕಡಿಮೆ ಚಳಿ ಸಾಕು ಎನ್ನುವ ತಳಿಗಳಿಗೂ ಸಾಮಾನ್ಯವಾಗಿ 7 ಡಿಗ್ರಿಗಿಂತ ಕೆಳಗಿನ ಚಳಿ ಇನ್ನೂರು ಮುನ್ನೂರು ಗಂಟೆ ಸಿಕ್ಕರೆ ಹೂವು ಸರಿಯಾಗಿ ಒಡೆಯುತ್ತದೆ. ನಿಮ್ಮಲ್ಲಿ ಮಾಗಿಯ ಎಷ್ಟು ರಾತ್ರಿ ಅಷ್ಟು ಚಳಿ ಬೀಳುತ್ತದೆ, ನೀವೇ ಹೇಳಿ. ಬೇರು ಕೂದಲಿನಷ್ಟು ನವಿರು, ಮೇಲುಮಣ್ಣಿನಲ್ಲೇ ಹರಡುತ್ತದೆ. ಬುಡದಲ್ಲಿ ನೀರು ನಿಂತರೆ ಉಸಿರುಕಟ್ಟಿ ಕೊಳೆಯುತ್ತದೆ. ಬೇಸಿಗೆಯಲ್ಲಿ ಅದೇ ಬೇರಿಗೆ ದಿನವೂ ತೇವ ಬೇಕು. ಆಗುಂಬೆಯ ಮಗ್ಗುಲಿನ ಆಷಾಢ, ಮಾರ್ಚಿಗೇ ತಳ ಕಾಣುವ ಕೆರೆ, ಎರಡನ್ನೂ ಅದು ತಾಳಿಕೊಳ್ಳುವುದು ಹೇಗೆ? ಮಳೆಗೂಡು ಕಟ್ಟಿ, ಕುಂಡದಲ್ಲಿಟ್ಟು ಬೆಳೆಸುವ ಹಣವಿದ್ದವರ ಮಾತು ಬೇರೆ. ಮುಂಗಡ ಕೊಡಬೇಡಿ.

ಜೆಸಿಬಿಯನ್ನಂತೂ ಬ್ಯಾಣಕ್ಕೆ ಹತ್ತಿಸಲೇಬೇಡಿ. ಅಲ್ಲಿರುವ ಮೇಲುಮಣ್ಣು ಒಂದು ಗೇಣು. ಕರಡದ ಬೇರು ಹಿಡಿದುಕೊಂಡಿದೆ ಎಂದಷ್ಟೇ ಅದು ಉಳಿದಿದೆ. ಮಟ್ಟ ಮಾಡಿಸಿದರೆ ಆರಿದ್ರಾ ಮಳೆಗೆ ಅಷ್ಟೂ ನಿಮ್ಮ ಅಡಿಕೆ ತೋಟದ ಬಸಿಗಾಲುವೆಗೆ ಇಳಿಯುತ್ತದೆ.

ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ. ಆ ಕಲ್ಲುಮಣ್ಣಿನಲ್ಲಿ, ಯಾರೂ ನೀರು ಹಾಕದೆ, ಔಷಧಿ ಹೊಡೆಯದೆ ಮುರುಗಲು, ಕವಳಿ, ನೇರಳೆ ಬದುಕಿವೆ. ಅದನ್ನೇ ಹೆಚ್ಚು ಮಾಡಿ. ಮುರುಗಲನ್ನು ಬೀಜದಿಂದ ಎಬ್ಬಿಸಿದರೆ ಹತ್ತಿರ ಹತ್ತಿರ ಅರ್ಧ ಗಂಡಾಗುತ್ತವೆ, ಅದು ತಿಳಿಯಲು ಏಳೆಂಟು ವರ್ಷ ಕಾಯಬೇಕು. ಆದ್ದರಿಂದ ಕಸಿ ಗಿಡ. ಕೊಳ್ಳುವಾಗ ಕಸಿ ಕಟ್ಟಿದ ಕಡ್ಡಿ ಮರದ ಯಾವ ಭಾಗದ್ದು ಎಂದು ಕೇಳಿ. ಮೊದಲ ವರ್ಷ ನಾನು ಪಕ್ಕದ ಕೊಂಬೆಗಳ ಕಡ್ಡಿ ತೆಗೆದು ನಲವತ್ತು ಗಿಡ ಕಟ್ಟಿದೆ. ಕಸಿ ಹತ್ತಿದವು, ಹಣ್ಣೂ ಬಿಟ್ಟವು, ಆದರೆ ಒಂದೂ ಮೇಲೇಳಲಿಲ್ಲ, ಹಂದರದ ಹಾಗೆ ಅಡ್ಡಡ್ಡ ಹಬ್ಬಿದವು. ಮುರುಗಲಿನ ಅಡ್ಡ ಕೊಂಬೆ ಕಸಿಯಾದ ಮೇಲೂ ಅಡ್ಡವೇ ಬೆಳೆಯುತ್ತದೆ. ನೆಟ್ಟಗೆ ಏಳುವ ಚಿಗುರಿನ ಕಡ್ಡಿಯೇ ಬೇಕು. ಅಂಥ ಗಿಡ ನಾಲ್ಕೈದು ವರ್ಷಕ್ಕೆ ಫಲಕ್ಕೆ ಬರುತ್ತದೆ. ನಿಮ್ಮ ಅತ್ತೆಯ ಮರದಿಂದಲೇ ಕಡ್ಡಿ ತೆಗೆಯಬಹುದು. ನಿಮ್ಮ ಮಣ್ಣಿನಲ್ಲಿ ಇಷ್ಟು ವರ್ಷ ಪಳಗಿದ ತಾಯಿ ಅದು, ಅದಕ್ಕಿಂತ ಒಳ್ಳೆಯದನ್ನು ನಾನು ಎಲ್ಲಿಂದ ತರಲಿ?

ಇಪ್ಪತ್ತಡಿಗೆ ಒಂದರಂತೆ, ಇಳಿಜಾರಿಗೆ ಅಡ್ಡ ಸಾಲಿನಲ್ಲಿ ನೆಡಿ. ಹತ್ತು ಹೆಣ್ಣಿಗೆ ಒಂದು ಗಂಡು. ಸಾಲಿನ ಮೇಲ್ಬದಿಗೆ ಸಣ್ಣ ಅಗಳು (ಕಾಲುವೆ) ತೆಗೆದರೆ ಮಳೆನೀರು ಅಲ್ಲೇ ಇಂಗುತ್ತದೆ. ಮೊದಲ ಮೂರ್ನಾಲ್ಕು ವರ್ಷ ನಡುವೆ ಅನಾನಸ್ ಹಾಕಿದರೆ ಖರ್ಚು ತೂಗುತ್ತದೆ, ಅದನ್ನೂ ಅಡ್ಡಸಾಲಿನಲ್ಲೇ ಹಾಕಿ. ಬುಡಕ್ಕೆ ಕರಡ, ದರಗು (ಒಣಗಿದ ಎಲೆ) ಹೊದಿಸಿ. ಕಳೆನಾಶಕ ಬೇಡ. ಹೂ ಇರುವಾಗ ಏನನ್ನೂ ಹೊಡೆಯಬೇಡಿ, ಮಿಸರಿ ಎಂಬ ಕುಟುಕದ ಸಣ್ಣ ಜೇನು ಬರುವುದು ಆಗಲೇ.

ಕವಳಿಯನ್ನು ಬೇಲಿಯಲ್ಲೇ ತುಂಬಿಸಿ. ಹಣ್ಣು ತಿಂದ ಕೂಡಲೇ ಬೀಜ ಊರಬೇಕು, ಒಣಗಿಸಿಟ್ಟರೆ ಹುಟ್ಟುವುದು ಕಡಿಮೆ. ಅದರ ಮುಳ್ಳಿಗೆ ದನ ಹತ್ತಿರ ಸುಳಿಯುವುದಿಲ್ಲ. ಎಳೆಗಾಯಿ ಉಪ್ಪಿನಕಾಯಿಗೆ, ಹಣ್ಣು ಜಾಮಿಗೆ. ಕಪ್ಪಾಗಿ ಮಾಗಿದ ಕವಳಿಯ ಮುಂದೆ ಯಾವ ಬೆರಿಯನ್ನೂ ನಾನು ಮೇಲಿಡುವುದಿಲ್ಲ.

ತುಂಗಾತೀರ

ಅಣ್ಣಾ, ನಿಮ್ಮ ಉತ್ತರವನ್ನು ಅತ್ತೆಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು. ಒಂದು ಆತಂಕ ಉಳಿದಿದೆ. ನಮ್ಮ ಮರದ ಹಣ್ಣು ಮಾಗುವುದು ಮೇ ತಿಂಗಳಲ್ಲಿ. ಅಷ್ಟರಲ್ಲಿ ಗುಡುಗು ಮಳೆ ಶುರುವಾಗುತ್ತದೆ. ಒಂದು ಮರದ ಹಣ್ಣನ್ನೇ ಒಣಗಿಸಲು ಅಂಗಳಕ್ಕೂ ಜಗಲಿಗೂ ಓಡಾಡುತ್ತೇವೆ. ನೂರು ಮರವಾದರೆ ಹೇಗೆ?

ಉತ್ತರ 3 – ಹುಳಿಸಿಪ್ಪೆ, ಸೊರಬ

ಈ ಪ್ರಶ್ನೆಯನ್ನು ಗಿಡ ನೆಡುವ ಮೊದಲೇ ಕೇಳಿದಿರಲ್ಲ, ಅದು ಒಳ್ಳೆಯದಾಯಿತು. ನಾವು ಐದು ಮನೆಯ ಹೆಂಗಸರು ಸೇರಿ ಸಿಪ್ಪೆ ಒಣಗಿಸಿ ಮಾರುತ್ತೇವೆ. ಹತ್ತು ಕೆ.ಜಿ. ಹಣ್ಣಿಗೆ ಒಂದು ಕೆ.ಜಿ. ಆಸುಪಾಸು ಒಣಸಿಪ್ಪೆ ಬರುತ್ತದೆ. ಉಳಿದದ್ದೆಲ್ಲ ರಸ, ಬೀಜ, ನೀರು. ಆ ನೀರನ್ನು ಕಟ್ಟಿಗೆಯಿಂದ ಆರಿಸಲು ಹೊರಟರೆ ಕಾಡು ಉಳಿಯುವುದಿಲ್ಲ. ಮುರುಗಲಿನ ಬಳಗದ್ದೇ ಆದ ಉಪ್ಪಾಗೆ ಎಂಬ ಕಾಡುಮರದ ಹಣ್ಣಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇವೆ. ಅದು ಮಾಗುವುದೇ ಮಳೆಗಾಲದಲ್ಲಿ. ದರ ಏರಿದ ವರ್ಷ ರಾತ್ರಿ ಹಗಲು ಒಲೆ ಉರಿದವು, ಕೈಗೆಟುಕದ ಕೊಂಬೆಯನ್ನು ಕಡಿದು ಕೆಡವಿ ಕೊಯ್ದರು. ಸಿಂಗಳೀಕ ತಿನ್ನುವ ಹಣ್ಣು ಅದು. ಆ ಮರಗಳು ಮತ್ತೆ ಚೇತರಿಸಿಕೊಳ್ಳಲಿಲ್ಲ.

ನಮ್ಮ ದಾರಿ ಹೀಗಿದೆ. ಮೊದಲ ಕೊಯ್ಲನ್ನು ಬಿಸಿಲಿನಲ್ಲಿ, ಪಾರದರ್ಶಕ ಹಾಳೆ ಹೊದೆಸಿದ ಚಪ್ಪರದೊಳಗೆ ಒಣಗಿಸುತ್ತೇವೆ. ಮೋಡವಾದ ದಿನ ಅಡಿಕೆಯ ಡ್ರೈಯರಿಗೆ ಹಾಕುತ್ತೇವೆ, ಮೇ ತಿಂಗಳಲ್ಲಿ ಅದು ಹೇಗೂ ಖಾಲಿ. ಕಾವು ಹದವಾಗಿರಬೇಕು, ಹೆಚ್ಚಾದರೆ ಕೆಂಪು ಹೋಗಿ ಸಿಪ್ಪೆ ಕರಕಲಾಗುತ್ತದೆ. ಮಳೆ ಹಿಡಿದ ಮೇಲಿನ ಹಣ್ಣನ್ನು ಒಣಗಿಸುವ ಗೋಜೇ ಇಲ್ಲ, ಸಿಪ್ಪೆಗೆ ಸಕ್ಕರೆ ಬೆರೆಸಿ ಭರಣಿಗೆ ತುಂಬುತ್ತೇವೆ. ಬೀಜದಿಂದ ಮುರುಗಲ ತುಪ್ಪ. ಹಿಮ್ಮಡಿ ಒಡೆದವರು ಹುಡುಕಿಕೊಂಡು ಬಂದು ಒಯ್ಯುತ್ತಾರೆ. ಮಹಾರಾಷ್ಟ್ರದ ದಾಪೋಲಿಯ ಕೃಷಿ ವಿಶ್ವವಿದ್ಯಾಲಯದ ‘ಕೊಂಕಣ ಅಮೃತ’ ಎಂಬ ತಳಿ ಮಳೆಗಿಂತ ಮೊದಲೇ ಹೆಚ್ಚಿನ ಪಾಲು ಮಾಗುತ್ತದೆ. ಕಾಲು ಭಾಗ ಅದನ್ನು ಸೇರಿಸಿಕೊಂಡರೆ ಕೆಲಸ ಹಂಚಿಹೋಗುತ್ತದೆ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಅದನ್ನು ಹರಡುವ ಉಣುಗು (ಉಣ್ಣೆ) ಬೇಸಿಗೆಯಲ್ಲಿ ಹೆಚ್ಚು. ದರಗು ಗುಡಿಸುವಾಗ, ಹಣ್ಣು ಹೆಕ್ಕುವಾಗ ಮೈತುಂಬ ಬಟ್ಟೆ ಇರಲಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ನೆನೆಹಾಕಿ. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಮರದ ತುದಿಯ ಹಣ್ಣನ್ನು ನಾವು ಕೊಯ್ಯುವುದಿಲ್ಲ. ಅದು ಕೆಂದಳಿಲಿಗೆ, ಹಕ್ಕಿಗೆ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಮುಂಗಡ ಕೊಡುವುದಿಲ್ಲ ಎಂದು ಫೋನ್ ಮಾಡಿ ಹೇಳಿಬಿಟ್ಟೆ. ಇಂದು ಬೆಳಿಗ್ಗೆ ಅತ್ತೆಯನ್ನು ಕರೆದುಕೊಂಡು ಬ್ಯಾಣಕ್ಕೆ ಹೋಗಿದ್ದೆ. ಕಸಿಚಾಕು ಅಣ್ಣ ಹೇಳಿದಂತೆಯೇ ಇದೆ. ಕಾಯಿ ಬಿಡದ ಮರದ ತುಂಬ ಗುಂಪು ಗುಂಪಾಗಿ ಹೂವು, ಕೇಸರದ ಉಂಡೆ, ಸಣ್ಣ ಜೇನು. ಅತ್ತೆ ಅದರ ಕಾಂಡದ ಮೇಲೆ ಕೈಯಿಟ್ಟು ಸುಮಾರು ಹೊತ್ತು ನಿಂತಿದ್ದರು. ಈ ವರ್ಷ ಮೂವತ್ತು ಗಿಡದಿಂದ ಶುರು ಮಾಡುತ್ತೇವೆ, ಮೃಗಶಿರ ಮಳೆಗೆ ನೆಡುವುದು. ಅಣ್ಣಾ, ಕಡ್ಡಿ ತೆಗೆಯಲು ಯಾವಾಗ ಬರುತ್ತೀರಿ? ಊಟಕ್ಕೆ ನಮ್ಮಲ್ಲೇ ಬನ್ನಿ ಎಂದು ಅತ್ತೆ ಹೇಳಿದ್ದಾರೆ.