‘ಮನಿ ಮಂದಿ, ಪುಣೆ’ ಗುಂಪಿನ್ಯಾಗ ಎದಿಹಾಲಿನ ಪಂಚಾಯ್ತಿ

(ರವಿವಾರ ಮುಂಜಾನೆ. ಎಂದಿನಂಗ ಗುರುಕಾಕಾನ ಎಲ್ಲಾರಿಗಿಂತ ಮೊದಲ ಎದ್ದಾರ.)

ಗುರುಕಾಕಾ: [ಫಾರ್ವರ್ಡ್ ಆಗಿದ್ದು] ತಾಯಂದಿರೇ ಎಚ್ಚರ!! ಎದೆಹಾಲಿನ ಸತು ಆರೇ ತಿಂಗಳಲ್ಲಿ ಪಾತಾಳಕ್ಕೆ! ಕಬ್ಬಿಣ ಇಲ್ಲವೇ ಇಲ್ಲ! ಆಕಳ ಹಾಲಿನಲ್ಲಿ ನಾಲ್ಕು ಪಟ್ಟು ಕ್ಯಾಲ್ಸಿಯಂ! ಹತ್ತು ಜನಕ್ಕೆ ಕಳಿಸಿ 🙏

ಸುಧಾಕಾಕು: ನಾ ಮೊದಲ ಹೇಳಿದ್ದೆ. ವಿನಯಾ ಅಂಟಿನುಂಡಿ ಪೂರಾ ತಿನ್ನೂದಿಲ್ಲ, ಹಾಲಿಗೆ ಕಸುವು ಎಲ್ಲಿಂದ ಬರಬೇಕು? ಕೂಸಿಗೆ ನಾಲ್ಕ ತಿಂಗಳಾತು, ಆಕಳ ಹಾಲು ಸುರು ಮಾಡ್ರಿ.

ವಿನಯಾ: ಕಾಕು, ಡಬ್ಬಿಯೊಳಗ ಇನ್ನ ಎರಡ ಉಂಡಿ ಉಳದಾವ ಅಷ್ಟ.

ಪ್ರಸನ್ನ: ಒಂದ.

ಶೈಲಾ ಅತ್ಯಾ: (ಮೂವತ್ತ ವರ್ಷ ಹೆರಿಗಿ ವಾರ್ಡಿನ್ಯಾಗ ಕಳದಾಕಿ) ಅಣ್ಣಾ, ಅಂಕಿ ಖರೇ ಅದಾವ, ಅರ್ಥ ಸುಳ್ಳ. ಸತು ಮೊದಲ ಹಳದಿ ಹಾಲಿನ್ಯಾಗ ಭಾಳ, ಎರಡ ವಾರಕ್ಕ ಲೀಟರಿಗೆ 4 ಮಿಲಿಗ್ರಾಂ, ಆರು ತಿಂಗಳಿಗೆ 1.2ರ ಆಸುಪಾಸು. ತಾಯಿ ಏನ ತಿಂದ್ರೂ ಅದು ಇಳೀತದ.

ಗುರುಕಾಕಾ: ಇಳೀತದ ಅಂದಮ್ಯಾಲ ನಾ ಕಳಿಸಿದ್ದ ಖರೇ ಆತಲ್ಲ.

ಶೈಲಾ ಅತ್ಯಾ: ಅದಕ್ಕ ಅಲ್ಲೇನು ಆರು ತಿಂಗಳಿಗೆ ಮೇಲಿನ ಊಟ ಸುರು ಮಾಡೂದು? ಕಬ್ಬಿಣ 0.3 ಮಿಲಿಗ್ರಾಂ ಅಷ್ಟ, ಆದ್ರ ಕೂಸು ಹೊಟ್ಯಾಗಿದ್ದಾಗನ ಗಂಟು ಕಟಗೊಂಡು ಬಂದಿರ್ತದ. ಆಕಳ ಹಾಲಿನ್ಯಾಗೂ ಕಬ್ಬಿಣ ಹೆಚ್ಚಿಲ್ಲ, ಮ್ಯಾಲ ಎಳಿ ಕರುಳಿನಿಂದ ರಕ್ತ ಜಿನುಗಬಹುದು. ಕ್ಯಾಲ್ಸಿಯಂ ಆಕಳದ್ದು 1200, ನಮ್ಮದು 200ರಿಂದ 300, ಒಪ್ಪಿದೆ. ಕರು ಹುಟ್ಟಿದ ದಿನಾನ ಎದ್ದು ನಿಂದರ್ತದ. ನಮ್ಮ ಪ್ರಸನ್ನ ಹದಿನಾಲ್ಕ ತಿಂಗಳಿಗೆ ನಿಂತ.

ಪ್ರಸನ್ನ: ಅತ್ಯಾ 😐

ಸುಧಾಕಾಕು: ಹಂಗಾದ್ರ ಮಣಕಾಲ ಬ್ಯಾನಿ ಇಟಗೊಂಡು ನಾ ಅಂಟು ಹುರದಿದ್ದು ದಂಡ?

ಶೈಲಾ ಅತ್ಯಾ: ದಂಡ ಅಲ್ಲ ವೈನಿ. ಉಂಡಿ ಹಾಲಿಗಲ್ಲ, ವಿನಯಾಗ. ತಾಯಿ ಉಣ್ಣಲಿ ಬಿಡಲಿ, ಹಾಲಿನ ಕ್ಯಾಲ್ಸಿಯಂ ಹೆಚ್ಚುಕಡಿಮಿ ಅಷ್ಟ ಇರ್ತದ. ಮೈ ಆಕಿ ಎಲಬಿನಿಂದ ತಗದು ಕೊಡ್ತದ. ಹಾಲು ಬಿಡಿಸಿದ ಮ್ಯಾಲ ಎಲಬು ತಿರುಗಿ ತುಂಬಕೋತದ. ನಿಮ್ಮ ಉಂಡ್ಯಾಗಿನ ಗಸಗಸಿ ಛಲೋನ.

ವಿನಯಾ: ಅತ್ಯಾ, ಹೋದ ತಿಂಗಳು ಎಡಗಡೆ ಎದಿ ಕಲ್ಲಾಗಿ ಜ್ವರ ಬಂದಿತ್ತಲ್ಲ, ಆ ಕಡೆ ಬಾಯಿ ಹಚ್ಚಿದಕೂಡ್ಲೇ ಕೂಸು ಮುಖ ಕಿವಚತಿತ್ತು.

ಶೈಲಾ ಅತ್ಯಾ: ಬಾವು ಬಂದ್ರ ಆ ಕಡೆ ಹಾಲಿನ್ಯಾಗ ಸೋಡಿಯಂ ಏರ್ತದವ್ವಾ. ಉಪ್ಪುಪ್ಪು ಆಗ್ತದ. ಕುಡಿಸೂದು ಬಿಡಲಿಲ್ಲ ಹೌದಲ್ಲೋ, ಛಲೋ ಮಾಡಿದಿ.

ಗುರುಕಾಕಾ: ಎಲ್ಲಾ ತಾನ ಆಗ್ತದ ಅಂದ್ರ ತಾಯಿ ಊಟಕ್ಕ ಕಿಮ್ಮತ್ತ ಇಲ್ಲೇನು?

ಶೈಲಾ ಅತ್ಯಾ: ಅದ. ಅಯೋಡಿನ್, ಸೆಲೆನಿಯಂ. ತಾಯಿ ತಾಟಿನ್ಯಾಗ ಕಡಿಮಿ ಆದ್ರ ಹಾಲಿನ್ಯಾಗೂ ಕಡಿಮಿ. ವಿನಯಾ, ಅಡಗಿಗೆ ಯಾವ ಉಪ್ಪು?

ವಿನಯಾ: [ಫೋಟೋ: ಗುಲಾಬಿ ಹರಳಿನ ಬರಣಿ] ಸೈಂಧವ. ಬಿಳಿ ಉಪ್ಪು ವಿಷ ಅಂತ ಹೋದ ವರ್ಷ ಕಾಕಾನ ಕಳಿಸಿದ್ರಲ್ಲ.

ಶೈಲಾ ಅತ್ಯಾ: ಅದರಾಗ ಅಯೋಡಿನ್ ಇಲ್ಲದಂಗನ. ಕೂಸಿನ ಥೈರಾಯ್ಡಿಗೆ, ಮಿದುಳಿಗೆ ಬೇಕದು. ಇವತ್ತ ಅಯೋಡಿನ್ ಹಾಕಿದ ಪುಡಿ ಉಪ್ಪು ತರಸು.

(ಗುರುಕಾಕಾ ಟೈಪ್ ಮಾಡ್ಲಿಕ್ಕತ್ತಾರ. ನಿಂತ್ರು. ಮತ್ತ ಸುರು ಮಾಡಿದ್ರು.)

ಗುರುಕಾಕಾ: ಮೊನ್ನಿ ಮಂಡೈದಾಗ ಐದ ಕಿಲೋ ತಗೊಂಡೇನಿ.

ಸುಧಾಕಾಕು: ಇರಲಿ ಬಿಡ್ರಿ, ಏಕಾದಶಿಗೆ ಬರ್ತದ.

ಪ್ರಸನ್ನ: ವರ್ಷಕ್ಕ ಇಪ್ಪತ್ನಾಲ್ಕ ಏಕಾದಶಿ ಕಾಕಾ. ಹತ್ತ ವರ್ಷ ಚಿಂತಿ ಇಲ್ಲ.