ಮೂರು ಸೀಟಿನ ಜಗಳ (ರಾಜ್ಯಶಾಸ್ತ್ರ ಎಂ.ಎ. ಗೆಳೆಯರ ಗುಂಪು)

[ಪ್ರಕಾಶ ಹಂಚಿದ ಚಿತ್ರ: ‘ಸರ್ಕೇಸಿಯನ್ನರಿಗೆ ಸಂಸತ್ತಿನಲ್ಲಿ ಮೀಸಲು ಸೀಟು: ಜೋರ್ಡಾನ್ 3, ಟರ್ಕಿ 0, ಇಸ್ರೇಲ್ 0’]

ಪ್ರಕಾಶ: 1864ರಲ್ಲಿ ರಷ್ಯಾ ಕಾಕಸಸ್‌ನಿಂದ ಹೊರಗಟ್ಟಿದ ಜನ. ಕೈಹಿಡಿದಿದ್ದು ಜೋರ್ಡಾನ್ ಒಂದೇ, ನೋಡ್ರಪ್ಪ.

ಶೈಲಾ: ಆ 3 ಅನ್ನೋದೇ ಅರ್ಧ ನಿಜ. ಕಾಕಸಸ್‌ನಿಂದಲೇ ಬಂದ ಇನ್ನೊಂದು ಜನ, ಚೆಚೆನ್ನರಿಗೂ ಸೇರಿ ಅಷ್ಟು. ಸದನದಲ್ಲಿ ಒಟ್ಟು 138 ಸೀಟು. 2022ರ ಚುನಾವಣಾ ಕಾನೂನಿನ ಪ್ರಕಾರ 2 ಮೀಸಲು ಸ್ಥಳೀಯ ಕ್ಷೇತ್ರಗಳಲ್ಲಿ, 1 ಪಕ್ಷಗಳ ರಾಷ್ಟ್ರೀಯ ಪಟ್ಟಿಯಲ್ಲಿ.

ಪ್ರಕಾಶ: ಸೊನ್ನೆಗಿಂತ ವಾಸಿ ತಾನೇ?

ಶೈಲಾ: ಓಟು ಹಾಕೋರು ಯಾರು ಅಂತ ನೋಡು ಮಾರಾಯ. ಅಭ್ಯರ್ಥಿ ಮಾತ್ರ ಆ ಸಮುದಾಯದವನಾಗಿರಬೇಕು, ಓಟು ಕ್ಷೇತ್ರದ ಎಲ್ಲರದ್ದೂ. 1878ರಲ್ಲಿ ಇವರು ಬಂದು ಇಳಿದಾಗ ಅಮ್ಮಾನ್ ಅಂದ್ರೆ ರೋಮನ್ ಕಾಲದ ಪಾಳು. ಈಗ ಅದೇ ಊರಲ್ಲಿ ಇವರು ಹಿಡಿಯಷ್ಟು. ತನ್ನವರ ಓಟನ್ನೇ ನೆಚ್ಚಿಕೊಂಡವನನ್ನ, ಪಕ್ಕದ ದೊಡ್ಡ ಬುಡಕಟ್ಟಿನ ಜೊತೆ ಮಾತಾಡಿಕೊಂಡ ಇನ್ನೊಬ್ಬ ಸರ್ಕೇಸಿಯನ್ನೇ ಸೋಲಿಸಬಹುದು. ಗೆದ್ದವನು ಯಾರ ಋಣದಲ್ಲಿರ್ತಾನೆ ಹೇಳು.

ನಾಗರಾಜ: ಸೀಟು ದಯೆಯಿಂದ ಬಂದಿದ್ದೂ ಅಲ್ಲ. 1928ರ ಟ್ರಾನ್ಸ್‌ಜೋರ್ಡಾನ್ (ಜೋರ್ಡಾನಿನ ಆಗಿನ ಹೆಸರು) ಚುನಾವಣಾ ಕಾನೂನಿನಲ್ಲೇ ಇವರಿಗೆ 2 ಇತ್ತು. ಹೊರಗಿನಿಂದ ಬಂದು ಆಳುತ್ತಿದ್ದ ಅಮೀರ್ ಅಬ್ದುಲ್ಲಾಗೆ, ಯಾವ ಬುಡಕಟ್ಟಿಗೂ ಸೇರದ ಜನ ಬೆನ್ನಿಗಿದ್ದರೆ ಅನುಕೂಲ. ಅರಮನೆಯ ಗೌರವ ಕಾವಲಿಗೆ ಇವತ್ತೂ ಸರ್ಕೇಸಿಯನ್ ಉಡುಪು, ಎದೆ ಮೇಲೆ ತೋಟಾ ಕೊಳವೆಗಳ ಸಾಲು. ಇವರದೇ ಸಮುದಾಯದ ಸಯೀದ್ ಅಲ್-ಮುಫ್ತಿ 1950ರಲ್ಲೇ ಜೋರ್ಡಾನ್ ಪ್ರಧಾನಿ. 1955ರಲ್ಲಿ ಮತ್ತೆ ಆದ್ರು, ಬ್ರಿಟನ್ ಬೆಂಬಲದ ಸೈನಿಕ ಕೂಟ ಬಾಗ್ದಾದ್ ಒಪ್ಪಂದದ ಗಲಾಟೆಗೆ ರಾಜೀನಾಮೆ ಕೊಟ್ರು. ಪ್ರಧಾನಿಯಾಗೋಕೆ ಮೀಸಲು ಎಲ್ಲಿತ್ತು?

ಪ್ರಕಾಶ: ಸರಿ, ಟರ್ಕಿಯನ್ನ ಯಾಕೆ ಬಿಡ್ತೀರಿ? ಅತಿ ಹೆಚ್ಚು ಜನ ಇರೋದೇ ಅಲ್ಲಿ.

ನಾಗರಾಜ: ಅಲ್ಲಿ ಒಬ್ಬೊಬ್ಬರೇ ಮೇಲೆ ಹೋಗಬಹುದು. ಅಬ್ಖಾಜ್ (ಸರ್ಕೇಸಿಯನ್ನರ ನೆಂಟ ಜನ) ಮೂಲದ ರವೂಫ್ ಓರ್ಬಾಯ್ 1922ರಲ್ಲಿ ಮುಸ್ತಫಾ ಕೆಮಾಲ್ ಕಡೆಯ ಅಂಕಾರಾ ಸರ್ಕಾರದ ಮುಖ್ಯಸ್ಥ. ಹೆಚ್ಚುಕಮ್ಮಿ ಅದೇ ಹೊತ್ತಿಗೆ, ಅಂಕಾರಾಕ್ಕೆ ಎದುರು ನಿಂತರೆಂಬ ಗುಮಾನಿ ಮೇಲೆ ಟರ್ಕಿಯ ವಾಯವ್ಯದ ಗೊನೆನ್-ಮನ್ಯಾಸ್ ಕಡೆಯ 14 ಸರ್ಕೇಸಿಯನ್ ಹಳ್ಳಿಗಳನ್ನ ಎಬ್ಬಿಸಿ ಪೂರ್ವಕ್ಕೆ ಸಾಗಿಸಿದ್ರು. ಟರ್ಕಿ ಮಾಡಿಕೊಂಡ 1923ರ ಲೊಸಾನ್ ಶಾಂತಿ ಒಪ್ಪಂದದಲ್ಲಿ ಅಲ್ಪಸಂಖ್ಯಾತರು ಅಂದ್ರೆ ಮುಸ್ಲಿಮೇತರರು. ಇವರು ಮುಸ್ಲಿಮರು, ಹಾಗಾಗಿ ಲೆಕ್ಕಕ್ಕೇ ಇಲ್ಲ. ಪಕ್ಷಗಳ ಕಾನೂನಿನ 81ನೇ ಕಲಮು ಇನ್ನೂ ಬಿಗಿ: ಭಾಷೆ, ಜನಾಂಗದ ಆಧಾರದ ಅಲ್ಪಸಂಖ್ಯಾತರಿದ್ದಾರೆ ಅಂತ ಪಕ್ಷವೊಂದು ಹೇಳೋ ಹಾಗೇ ಇಲ್ಲ. 2014ರಲ್ಲಿ ಸರ್ಕೇಸಿಯನ್ನರು ಕಟ್ಟಿದ ಪಕ್ಷದ ಹೆಸರು ‘ಬಹುತ್ವವಾದಿ ಪ್ರಜಾಪ್ರಭುತ್ವ ಪಕ್ಷ’. ಸರ್ಕೇಸಿಯನ್ ಅನ್ನೋ ಪದ ಹುಡುಕಿದ್ರೂ ಸಿಗಲ್ಲ.

ಪ್ರಕಾಶ: ಆದ್ರೆ 2012ರಿಂದ ಶಾಲೆಯಲ್ಲಿ ಸರ್ಕೇಸಿಯನ್ ಭಾಷೆ ಕಲಿಸ್ತಿದ್ದಾರಲ್ಲ? ಅದೂ ಸೇರಿಸಿಕೊಂಡ ಹಾಗೇ.

ನಾಗರಾಜ: ಕಾಗದದಲ್ಲಿ. 5ನೇ ತರಗತಿಯಿಂದ ಐಚ್ಛಿಕ, ವಾರಕ್ಕೆ 2 ಪೀರಿಯಡ್. ಒಂದೇ ಶಾಲೆಯಲ್ಲಿ ಕನಿಷ್ಠ 10 ಮಕ್ಕಳು ಅರ್ಜಿ ಹಾಕಬೇಕು. ಹಳ್ಳಿ ಬಿಟ್ಟು ಇಸ್ತಾಂಬುಲ್, ಅಂಕಾರಾ ಸೇರಿದವರ ಮಕ್ಕಳು ಬೀದಿಗೊಂದು ಶಾಲೆಯಲ್ಲಿ ಚದುರಿರ್ತಾರೆ. 9 ಸಿಕ್ಕರೆ ತರಗತಿಯಿಲ್ಲ. 10 ಸಿಕ್ಕರೆ ಮೇಷ್ಟ್ರಿಲ್ಲ. ಮೇಷ್ಟ್ರು ಸಿಕ್ಕರೆ ಪಠ್ಯ ಲ್ಯಾಟಿನ್ ಲಿಪಿಯಲ್ಲೋ ಸಿರಿಲಿಕ್‌ನಲ್ಲೋ ಅಂತ ಸಂಘಗಳೊಳಗೇ ಕಿತ್ತಾಟ. ಸಿರಿಲಿಕ್ ಬಿಟ್ರೆ ತಾಯ್ನಾಡಿನ ಪುಸ್ತಕ ಓದೋಕಾಗಲ್ಲ. ಲ್ಯಾಟಿನ್ ಬಿಟ್ರೆ ಟರ್ಕಿಯ ಮಗು ಹೊಸ ಅಕ್ಷರಮಾಲೆಯಿಂದ ಶುರುಮಾಡಬೇಕು. ನನ್ನ ಓಟು ಸಿರಿಲಿಕ್‌ಗೆ, ಬೈಯೋರು ಬೈರಿ.

ವೀಣಾ: ಟರ್ಕಿಯಲ್ಲಿ ಇವರು ಎಷ್ಟು ಜನ ಅಂತ ಎಣಿಸೋದೇ ಇಲ್ಲವಲ್ಲೋ. ಮಾತೃಭಾಷೆಯ ಅಂಕಿ ಪ್ರಕಟವಾಗಿದ್ದು 1965ರ ಜನಗಣತಿಯಲ್ಲೇ ಕೊನೆ. ಅದ್ರಲ್ಲಿ ಸರ್ಕೇಸಿಯನ್ ಮಾತೃಭಾಷೆಯವರು 58 ಸಾವಿರದಷ್ಟು. ಮನೆಯಲ್ಲಿ ಟರ್ಕಿ ಭಾಷೆ ಆಡೋರು ಅದರಲ್ಲಿ ಬರಲೇ ಇಲ್ಲ.

ಪ್ರಕಾಶ: ಇಸ್ರೇಲ್‌ಗಾದ್ರೂ ಸೊನ್ನೆ ಸರಿ ತಾನೇ?

ವೀಣಾ: ಎರಡೇ ಹಳ್ಳಿ, ಕ್ಫರ್ ಕಾಮಾ ಮತ್ತು ರೆಹಾನಿಯಾ. ಸುಮಾರು 5 ಸಾವಿರ ಜನ. ಸಂಸತ್ತಿಗೆ ಬರೋಕೆ ಪಕ್ಷವೊಂದಕ್ಕೆ ಬೇಕಾದ 3.25% ಓಟಿನ ಮಿತಿ ದಾಟೋ ಮಾತೇ ಇಲ್ಲ. ಅವರು ಹಿಡಿದ ದಾರಿ ಸೈನ್ಯ. ಮುಖಂಡರೇ ಕೇಳಿಕೊಂಡು 1958ರಿಂದ ಗಂಡಸರಿಗೆ ಕಡ್ಡಾಯ ಸೇವೆ, ಹೆಂಗಸರಿಗಿಲ್ಲ. ನಿನ್ನ ಚಿತ್ರದಲ್ಲಿ ಅದಕ್ಕೆ ಜಾಗ ಎಲ್ಲಿದೆ?

ಪ್ರಕಾಶ: ನಾನು ಪೂರ್ತಿ ಬಗ್ಗಲ್ಲ. ಜೋರ್ಡಾನಿನಲ್ಲಿ ಸಮುದಾಯದ ಹೆಸರು ಕಾನೂನಿನಲ್ಲೇ ಇದೆ. ಟರ್ಕಿಯಲ್ಲಿ ಅದೂ ಇಲ್ಲ.

ಶೈಲಾ: ಅದು ಒಪ್ಪಿದೆ. ಹಾಗಾದ್ರೆ ‘ಮೀಸಲು ಸೀಟು’ ಅಂತಲೇ ಬಿಡು, ‘ಕೈಹಿಡಿದರು’ ಅನ್ನೋ ಒಕ್ಕಣೆ ತೆಗಿ. 3ರ ಪಕ್ಕ ‘ಚೆಚೆನ್ನರೂ ಸೇರಿ’ ಅಂತ ಹಾಕು.

ವೀಣಾ: ಸಿರಿಯಾನೂ ಸೇರಿಸು. ಅಲ್ಲಿನ ಗೋಲಾನ್‌ನ ಕ್ವುನೈತ್ರಾ ಸುತ್ತಲಿನ ಸರ್ಕೇಸಿಯನ್ನರು 1967ರ ಯುದ್ಧದಲ್ಲಿ ಮತ್ತೊಮ್ಮೆ ಊರು ಕಳಕೊಂಡರು.

ಪ್ರಕಾಶ: ಚಿತ್ರ ಅಳಿಸಿದೆ. ರಾತ್ರಿ ಹೊಸದು ಹಾಕ್ತೀನಿ, ನಾಲ್ಕು ಸಾಲಿನದ್ದು.