ಆರ್ಡರ್ ಮೇಲೆ ಚಿತ್ರ ಬಿಡಿಸಿಕೊಡುವ ಆನ್‌ಲೈನ್ ಅಂಗಡಿ: ಮಾಡಿ ನೋಡಿದವರು ಸ್ವಲ್ಪ ಹೇಳಿ

ಕೇಳಿದವರು, ಶಿವಮೊಗ್ಗ:

ನಮಸ್ಕಾರ. ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೇನೆ. ಪೆನ್ಸಿಲ್‌ನಲ್ಲಿ ಭಾವಚಿತ್ರ, ಟ್ಯಾಬ್‌ನಲ್ಲಿ ಮದುವೆ ಜೋಡಿಗಳ ಚಿತ್ರ ಬಿಡಿಸುತ್ತೇನೆ. ಇಲ್ಲಿಯವರೆಗೆ ಬಂದವರೆಲ್ಲ ನೆಂಟರು, ಗೆಳತಿಯರು, ಅವರ ಗೆಳತಿಯರು. ಈಗ ಸರಿಯಾಗಿ ಒಂದು ಆನ್‌ಲೈನ್ ಅಂಗಡಿ ತೆರೆದು ಕಮಿಷನ್, ಅಂದರೆ ಚಿತ್ರದ ಆರ್ಡರ್, ತೆಗೆದುಕೊಳ್ಳೋಣ ಅಂತಿದ್ದೇನೆ. (ಕಮಿಷನ್ ಅಂದ ಕೂಡಲೇ ಅಮ್ಮ "ಸೈಟ್ ಬ್ರೋಕರ್ ಆಗ್ತೀಯೇನೆ?" ಅಂದರು.) ಸ್ವಂತ ವೆಬ್‌ಸೈಟ್ ಬೇಕಾ, ಇನ್‌ಸ್ಟಾಗ್ರಾಂ ಸಾಕಾ? ರೇಟ್ ಹೇಗೆ ಇಡೋದು? ಅಡ್ವಾನ್ಸ್ ಕೇಳಿದರೆ ಜನ ಓಡಿಹೋಗಲ್ವಾ?

ಬೆಂಗಳೂರಿನಿಂದ, ಡಿಜಿಟಲ್ ಚಿತ್ರ ಮಾಡುವವರು:

ವೆಬ್‌ಸೈಟ್ ಆಮೇಲೆ ನೋಡಿ ಮೇಡಂ. ನಾನು ಮೊದಲೇ ಮಾಡಿಸಿದೆ, 18 ಸಾವಿರ ಹೋಯಿತು. ಮೊದಲ ವರ್ಷ ಅದರಿಂದ ಬಂದ ಆರ್ಡರ್ ಎರಡು. ಅದರಲ್ಲಿ ಒಂದು ನಮ್ಮ ಭಾವನದು.

ಶುರುವಿಗೆ ಬೇಕಾಗಿರುವುದು ಒಂದೇ ಒಂದು ಪುಟ. ಯಾವ ಅಳತೆಗೆ ಎಷ್ಟು, ಎಷ್ಟು ದಿನ, ಎಷ್ಟು ಸಲ ತಿದ್ದಿಕೊಡುತ್ತೀರಿ, ಹಣ ಯಾವಾಗ. ಅದನ್ನು ಚಿತ್ರದ ಥರ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಪಿನ್ ಮಾಡಿ. ಆರ್ಡರ್‌ಗೆ ಒಂದು ಗೂಗಲ್ ಫಾರ್ಮ್ ಇರಲಿ. "ರೇಟ್‌ಗೆ ಮೆಸೇಜ್ ಮಾಡಿ" ಅಂತ ಮಾತ್ರ ಬರೆಯಬೇಡಿ. ರೇಟ್ ಕೇಳಲು ಸಂಕೋಚಪಡುವವರು ಸುಮ್ನೆ ಮುಂದೆ ಹೋಗುತ್ತಾರೆ, ಚೌಕಾಸಿಗೆ ಬರುವವರಷ್ಟೇ ಉಳಿಯುತ್ತಾರೆ.

ರೇಟ್ ಇಡುವ ಮೊದಲು ಮೂರು ಚಿತ್ರಗಳಿಗೆ ಗಡಿಯಾರ ಇಟ್ಟುಕೊಂಡು ಕೆಲಸ ಮಾಡಿ. ನಾನು ಒಂದು ಜೋಡಿ ಚಿತ್ರಕ್ಕೆ ಐದು ಗಂಟೆ ಅಂದುಕೊಂಡಿದ್ದೆ. ಬರೆದಿಟ್ಟು ನೋಡಿದರೆ ಏಳು. ಅದರ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿದ್ದೇ ಎರಡೂವರೆ ಗಂಟೆ! ಆ ಮಾತಿನ ಹೊತ್ತಿಗೂ ರೇಟ್‌ನಲ್ಲಿ ಜಾಗ ಇರಬೇಕು.

ಇನ್ನು ತಿದ್ದುಪಡಿ. ಅಂಗಡಿ ಮುಳುಗುವುದು ಇಲ್ಲೇ. ಒಂದು ಮದುವೆ ಕಾಗದದ ಚಿತ್ರಕ್ಕೆ ಹನ್ನೊಂದು ಸಲ ಕೈ ಹಾಕಿದ್ದೇನೆ. ಹುಡುಗಿಗೆ ಮೊದಲ ಸಲವೇ ಇಷ್ಟವಾಗಿತ್ತು. ಆಮೇಲೆ "ಅತ್ತೆ ನೋಡಿದ್ರು, ಮೂಗು ಚೂರು ಸಣ್ಣ ಮಾಡಬೇಕಂತೆ." ಆಮೇಲೆ ಸೀರೆ ಅಂಚು. ಆಮೇಲೆ ಹುಡುಗನಿಗೆ ಪೇಟ. ಪೇಟ ಹಾಕಿದ ಮೇಲೆ ಪೇಟ ಬೇಡ. ಕೊನೆಗೆ ಕೊಟ್ಟಿದ್ದು ಮೊದಲನೆಯದಕ್ಕೆ ತೀರ ಹತ್ತಿರದ ಚಿತ್ರ. ಅಂದಿನಿಂದ ಮೊದಲು ಬರೀ ಸ್ಕೆಚ್ ಕಳಿಸುತ್ತೇನೆ. ಅದನ್ನು ಎರಡು ಸಲ ತಿದ್ದುತ್ತೇನೆ. ಅವರು "ಓಕೆ" ಅಂತ ಬರೆದ ಮೇಲೇ ಬಣ್ಣ. ಬಣ್ಣದ ಮೇಲೆ ಏನೇ ಬದಲಾದರೂ ಬೇರೆ ದುಡ್ಡು.

ಅಡ್ವಾನ್ಸ್ ಅರ್ಧ. ಉಳಿದರ್ಧ ಬಂದ ಮೇಲೇ ದೊಡ್ಡ ಫೈಲ್. ಅಲ್ಲಿವರೆಗೆ ಅಡ್ಡಕ್ಕೆ ಹೆಸರು ಬರೆದ ಸಣ್ಣ ಚಿತ್ರ ತೋರಿಸಿ. ಎ4 ಅಳತೆಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಅಂದರೆ 2480 x 3508 ಪಿಕ್ಸೆಲ್. ಇದಕ್ಕಿಂತ ಚಿಕ್ಕ ಕ್ಯಾನ್ವಾಸ್ ತೆರೆದು ಶುರು ಮಾಡಬೇಡಿ. ಆಮೇಲೆ ಎರಡಡಿ ಫ್ರೇಮ್ ಮಾಡಿಸುತ್ತೇವೆ ಅನ್ನುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಅಂತ ಹಾಕಿದರೆ ಗುಣಮಟ್ಟ ಇಳಿಯುತ್ತದೆ, ಡಾಕ್ಯುಮೆಂಟ್ ಅಂತ ಹಾಕಿ.

ಮೈಸೂರಿನಿಂದ, ಸಾಂಪ್ರದಾಯಿಕ ಚಿತ್ರ ಬರೆಯುವವರು:

ಇನ್‌ಸ್ಟಾಗ್ರಾಂ ಸಾಕು ಅನ್ನೋದನ್ನ ನಾನು ಒಪ್ಪಲ್ಲ. ಒಂದು ಆ್ಯಪ್‌ನಲ್ಲಿ ನನ್ನ ಅಕೌಂಟ್ ಒಂದು ಬೆಳಿಗ್ಗೆ ಲಾಕ್ ಆಗಿ ಇಪ್ಪತ್ತು ದಿನ ತೆರೆಯಲಿಲ್ಲ. ನಾಲ್ಕು ಆರ್ಡರ್‌ಗಳ ವಿಳಾಸ, ಮಾತುಕತೆ ಎಲ್ಲ ಅದರೊಳಗೇ ಇತ್ತು. ಗಿರಾಕಿಗಳ ಹೆಸರು, ಫೋನ್, ಏನು ಮಾತಾಗಿದೆ ಅನ್ನೋದನ್ನ ಒಂದು ನೋಟ್‌ಬುಕ್ಕಿನಲ್ಲಾದರೂ ಬರೆದಿಡಿ.

ನಿಮ್ಮ ಚಿತ್ರದಲ್ಲಿ ಏನು ಇರಲ್ಲ ಅಂತಲೂ ಅಂಗಡಿಯಲ್ಲಿ ಬರೆಯಿರಿ. ನಾನು ಬರೆಯುವ ಮೈಸೂರು ಶೈಲಿಗೆ 2005ರಲ್ಲೇ ಜಿಐ ಗುರುತು (ಇಂಥ ಊರಿನದು ಅನ್ನುವ ಸರ್ಕಾರಿ ಗುರುತು) ಸಿಕ್ಕಿದೆ. ಆದರೂ "ಕಲ್ಲು ಯಾಕೆ ಅಂಟಿಸಿಲ್ಲ?" ಅಂತ ಕೇಳುವವರು ತಪ್ಪಿಲ್ಲ. ಕಲ್ಲು ಕೂರಿಸಿ ದಪ್ಪ ಉಬ್ಬು ಕೊಡುವುದು ತಂಜಾವೂರಿನ ಕೆಲಸ. ನಮ್ಮದು ತೆಳುವಾದ ಗೆಸ್ಸೊ (ಉಬ್ಬು ಕೊಡುವ ಲೇಪ), ಅದರ ಮೇಲೆ ಚಿನ್ನದ ರೇಕು. ಇದನ್ನು ಮೊದಲೇ ಹೇಳದೆ ಒಬ್ಬರಿಗೆ ಕಳಿಸಿ, ವಾಪಸ್ ತೆಗೆದುಕೊಂಡಿದ್ದೇನೆ. ಚಿನ್ನದ ಕೆಲಸ ಫೋಟೊದಲ್ಲಿ ಕಪ್ಪಗೆ ಕಾಣುತ್ತದೆ. ಕಿಟಕಿ ಹತ್ತಿರ ಹಿಡಿದು ಮೆಲ್ಲಗೆ ಓರೆ ಮಾಡುತ್ತಾ ಹತ್ತು ಸೆಕೆಂಡ್ ವಿಡಿಯೊ ತೆಗೆಯಿರಿ, ಅದೇ ಮಾರಿಕೊಡುತ್ತದೆ.

ಆರ್ಡರ್ ಬಂದ್ ಮಾಡುವುದನ್ನೂ ಕಲಿಯಿರಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಬೇಕು ಅಂತ ಆಷಾಢ ಮುಗಿಯುವಾಗ ಕೇಳುತ್ತಾರೆ. ಗೆಸ್ಸೊ ಹಬ್ಬ ನೋಡಿ ಒಣಗಲ್ಲ.

ಹುಬ್ಬಳ್ಳಿಯಿಂದ, ಪೆನ್ಸಿಲ್ ಭಾವಚಿತ್ರ:

ಅಕ್ಕಾರ, ಭಾವಚಿತ್ರಕ್ಕೆ ಜಾಸ್ತಿ ಬರುವುದು ತೀರಿಕೊಂಡವರ ಫೋಟೊ. ಅದೂ ವೋಟರ್ ಐಡಿಯಿಂದ ತೆಗೆದದ್ದು. ಮೂಗು ಎಲ್ಲಿ, ನೆರಳು ಎಲ್ಲಿ ಅಂತ ತಿಳಿಯುವುದಿಲ್ಲ. ನಾನು ಇನ್ನೆರಡು ಫೋಟೊ ಕೇಳುತ್ತೇನೆ, ಗುಂಪಿನಲ್ಲಿ ನಿಂತದ್ದಾದರೂ ನಡೆಯುತ್ತದೆ. ಅವರ ಮುಖ ಹೋಲುವ ಮಗನದೋ ತಮ್ಮನದೋ ಒಂದು ಫೋಟೊ ಇದ್ದರೆ ಇನ್ನೂ ಚಲೋ. ಏನೂ ಸಿಗಲಿಲ್ಲ ಅಂದರೆ ಬೇಡ ಅನ್ನುತ್ತೇನೆ. ಹೋಲಿಕೆ ಬರದ ಅಪ್ಪನ ಚಿತ್ರ ಕೊಟ್ಟು ದುಡ್ಡು ಇಸಿದುಕೊಳ್ಳಲು ಮನಸ್ಸು ಬರುವುದಿಲ್ಲ ನೋಡ್ರಿ. ಮತ್ತೆ, ಆ ಚಿತ್ರವನ್ನು ನಿಮ್ಮ ಪುಟಕ್ಕೆ ಹಾಕುವ ಮೊದಲು ಮನೆಯವರನ್ನು ಕೇಳಿ.

ಹಕ್ಕಿನ ಮಾತು ಯಾರೂ ಎತ್ತಿಲ್ಲ. ನಾನು ಬಿಡಿಸಿದ ಒಬ್ಬ ಹಿರಿಯರ ಚಿತ್ರವನ್ನು ಆರ್ಡರ್ ಕೊಟ್ಟವರು ಕ್ಯಾಲೆಂಡರ್ ಮಾಡಿ ಹಂಚಿದರು. ಜಗಳ ಮಾಡೋಣ ಅಂತ ವಕೀಲರ ಹತ್ತಿರ ಹೋದೆ. ಅವರು ಕಾನೂನು ಪುಸ್ತಕ ತೆಗೆದು ತೋರಿಸಿದರು. 1957ರ ಕಾಪಿರೈಟ್ ಕಾಯ್ದೆ, 17ನೇ ಸೆಕ್ಷನ್. ದುಡ್ಡು ಕೊಟ್ಟು ಬರೆಸಿದ ಪೇಂಟಿಂಗ್ ಅಥವಾ ಭಾವಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರು! ಬರೆದವರಲ್ಲ. ಬರೆದವರು ನಾವು ಅಂತ ಹೇಳಿಕೊಳ್ಳುವ ಹಕ್ಕು 57ನೇ ಸೆಕ್ಷನ್‌ನಲ್ಲಿ ನಮಗೇ ಉಳಿಯುತ್ತದೆ. ಅದಕ್ಕೆ ಈಗ ಫಾರ್ಮ್‌ನಲ್ಲೇ ಒಂದು ಸಾಲು ಹಾಕಿದ್ದೇನೆ: "ಚಿತ್ರ ನಿಮ್ಮದು, ಕಾಪಿರೈಟ್ ಕಲಾವಿದರದು. ಅಚ್ಚು ಹಾಕಿಸಿ ಮಾರುವುದಾದರೆ ಬೇರೆ ಮಾತು." ಅದಕ್ಕೆ ಟಿಕ್ ಮಾಡಿದರೆ ಮಾತ್ರ ಆರ್ಡರ್.

ಉಡುಪಿಯಿಂದ, ಹೊರದೇಶಕ್ಕೂ ಕಳಿಸುವವರು:

ಮೊದಲು ಊರೊಳಗೆ ಪಳಗಿ, ಆಮೇಲೆ ವಿದೇಶ. ಕೈಕೆಲಸ ಮಾರುವ ವಿದೇಶಿ ವೆಬ್‌ಸೈಟ್ ಎಟ್ಸಿಯಲ್ಲಿ ಒಂದು ಲಿಸ್ಟಿಂಗ್‌ಗೆ (ಒಂದು ವಸ್ತುವನ್ನು ಮಾರಾಟಕ್ಕೆ ಹಾಕಲು) 20 ಸೆಂಟ್, ಅದು ನಾಲ್ಕು ತಿಂಗಳು ಇರುತ್ತದೆ. ಮಾರಾಟವಾದರೆ 6.5% ಅವರಿಗೆ. ಆನ್‌ಲೈನ್‌ನಲ್ಲಿ ಹಣ ಪಡೆಯುವ ಪೇಪಾಲ್ ಇಲ್ಲಿ ವಿದೇಶದ ಹಣಕ್ಕೆ ಮಾತ್ರ ಸಿಗುತ್ತದೆ, ದೇಶದೊಳಗಿನ ಪಾವತಿಯನ್ನು 2021ರ ಏಪ್ರಿಲ್ 1ರಿಂದಲೇ ನಿಲ್ಲಿಸಿದ್ದಾರೆ. ಅಮೆರಿಕದಲ್ಲಿ 800 ಡಾಲರ್‌ವರೆಗಿನ ಪಾರ್ಸಲ್‌ಗೆ ಇದ್ದ ಸುಂಕದ ರಿಯಾಯಿತಿ 2025ರ ಆಗಸ್ಟ್ 29ಕ್ಕೆ ಮುಗಿಯಿತು. ಸುಂಕ ಬಿದ್ದರೆ ಯಾರು ಕಟ್ಟಬೇಕು ಅಂತ ಮೊದಲೇ ಬರೆದುಕೊಳ್ಳಿ.

ಪ್ಯಾಕಿಂಗ್: ಗಾಜಿನ ಫ್ರೇಮ್ ಹಾಕಿ ಕಳಿಸಲೇಬೇಡಿ. ಪೆನ್ಸಿಲ್ ಚಿತ್ರಕ್ಕೆ ಫಿಕ್ಸೆಟಿವ್ (ಪೆನ್ಸಿಲ್ ಅಳಿಸದಂತೆ ಹಿಡಿಯುವ ಸ್ಪ್ರೇ) ಹೊಡೆದು, ಬಟರ್ ಪೇಪರ್ ಇಟ್ಟು, ಪ್ಲಾಸ್ಟಿಕ್ ಸುತ್ತಿ, ಎರಡು ಗಟ್ಟಿ ರಟ್ಟಿನ ನಡುವೆ ಇಡಿ. ದೊಡ್ಡದಾದರೆ ಸುರುಳಿ ಮಾಡಿ ಪಿವಿಸಿ ಪೈಪ್ ಒಳಗೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪನ್ನು ಬೇಕಾದ ಉದ್ದಕ್ಕೆ ಕತ್ತರಿಸಿ ಕೊಡುತ್ತಾರೆ, ಎರಡು ಕಡೆಗೂ ಮುಚ್ಚಳ ಸಿಗುತ್ತದೆ. ನಮ್ಮ ಮಳೆಗೆ ಬರೀ ರಟ್ಟಿನ ಕೊಳವೆ ಸಾಲದು.

ಗಿರಾಕಿಯೊಬ್ಬರು:

ಅಡ್ವಾನ್ಸ್ ಕೇಳಿದ್ದಕ್ಕೆ ನಾನು ಯಾವತ್ತೂ ಓಡಿಹೋಗಿಲ್ಲ. ಅಡ್ವಾನ್ಸ್ ಕೊಟ್ಟ ಮೇಲೆ ಹತ್ತು ದಿನ ಕಲಾವಿದರು ಸುದ್ದಿಯೇ ಇಲ್ಲದೆ ಕೂತಾಗ ಹೆದರಿದ್ದೇನೆ. ನಡುವೆ ಒಂದು ಫೋಟೊ ಕಳಿಸಿದರೆ ಸಾಕು.

ತುಮಕೂರಿನಿಂದ, ಲೆಕ್ಕಪತ್ರ ನೋಡುವವರು:

ನಾನು ಚಿತ್ರ ಬಿಡಿಸುವವನಲ್ಲ, ಹೆಂಡತಿ ಬಿಡಿಸುತ್ತಾರೆ. ಎರಡು ಮಾತು. ಈ ಕೆಲಸಕ್ಕೆ ಬೇರೆ ಬ್ಯಾಂಕ್ ಖಾತೆ ಮಾಡಿ. ಯುಪಿಐ ಲೆಕ್ಕ ನೋಡಿ 2025ರ ಜುಲೈನಲ್ಲಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಿದ್ದು ನೆನಪಿದೆ ಅಲ್ವಾ? ಮನೆ ದುಡ್ಡು, ಚೀಟಿ ದುಡ್ಡು, ಆರ್ಡರ್ ದುಡ್ಡು ಒಂದೇ ಖಾತೆಯಲ್ಲಿದ್ದರೆ ಬಿಡಿಸಿ ತೋರಿಸುವುದು ಕಷ್ಟ. ಡಿಜಿಟಲ್ ಚಿತ್ರ ಸೇವೆಯ ಲೆಕ್ಕಕ್ಕೆ ಬರುತ್ತದೆ. ಸೇವೆಗೆ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಅದು ಒಟ್ಟು ವಹಿವಾಟು, ಲಾಭ ಅಲ್ಲ.

ಇನ್ನೊಂದು: "ನಾನು ಮಿಲಿಟರಿ ಆಫೀಸರ್, ಐದು ಚಿತ್ರ ಬೇಕು, ರೇಟ್ ಎಷ್ಟಾದರೂ ಸರಿ, ಅಡ್ವಾನ್ಸ್‌ಗೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅಂತ ಫೋನ್ ಬರುತ್ತದೆ. ಹೆಂಡತಿಗೆ ಎರಡು ಸಲ ಬಂದಿದೆ. ದುಡ್ಡು ಪಡೆಯಲು ಪಿನ್ ಹಾಕುವ ಅಗತ್ಯವೇ ಇಲ್ಲ. ಪಿನ್ ಕೇಳಿದರೆ ಅದು ನಿಮ್ಮ ಖಾತೆಯಿಂದ ಹೋಗುವ ದುಡ್ಡು.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವೆಬ್‌ಸೈಟ್ ಸದ್ಯಕ್ಕಿಲ್ಲ. ನಿನ್ನೆ ರಾತ್ರಿ ಕೂತು ಪುಟ ಬರೆದೆ: "ಎ4 ಪೆನ್ಸಿಲ್, ಒಬ್ಬರ ಮುಖ, 2,200 ರೂಪಾಯಿ, ಅಂಚೆ ವೆಚ್ಚ ಬೇರೆ. 15 ದಿನ. ಅರ್ಧ ಮೊದಲೇ. ಸ್ಕೆಚ್‌ನಲ್ಲಿ ಎರಡು ಸಲ ತಿದ್ದುಪಡಿ. ಕಾಪಿರೈಟ್ ನನ್ನದು." ತಿಂಗಳಿಗೆ ಆರು ಆರ್ಡರ್ ಮಾತ್ರ, ಪರೀಕ್ಷೆ ತಿಂಗಳಲ್ಲಿ ಬಂದ್. ಏನಾದರೂ ಬಿಟ್ಟಿದ್ದೀನಾ?

ಬೆಂಗಳೂರಿನಿಂದ, ಮೊದಲು ಬರೆದವರು:

ಒಂದು ಸಾಲು ಬಿಟ್ಟಿದ್ದೀರಿ. "ತಿದ್ದುಪಡಿ ಹೇಳುವವರು ಒಬ್ಬರೇ, ಆರ್ಡರ್ ಕೊಟ್ಟವರು." ಅತ್ತೆ ಅವರ ಹತ್ತಿರವೇ ಹೇಳಿಕೊಳ್ಳಲಿ.